ದಾದಿಯ ಮೂಗು

"ಯಾವಾಗ ನಿಲ್ಲಿಸಬೇಕು ಅಂತ ನಿನಗೆ ಹೇಗೆ ಗೊತ್ತಾಗುತ್ತೆ?" ಶಾಲೆಯ ಸೈನ್ಸ್ ಫೇರಿಗೆ ಜಡ್ಜ್ ಆಗಿ ಬಂದಿದ್ದ ಬಿಳಿಗೂದಲ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದಳು. ಹತ್ತು ವರ್ಷದ ಇನಾಯಾ ಹಿಂದೆಮುಂದೆ ನೋಡದೆ ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು ತೋರಿಸಿದಳು. "ಮೈ ದಾದಿ ಸ್ಮೆಲ್ಸ್ ಇಟ್."

ಬದ್ರುನ್ನೀಸಾ ಬೆಚ್ಚಿ ಮೊಮ್ಮಗಳತ್ತ ತಿರುಗಿದರು. ಕಳೆದ ಚಳಿಗಾಲದ ಜ್ವರಕ್ಕೆ ಅವರ ಮೂಗು ಸತ್ತೇ ಹೋಗಿತ್ತು. ಗುಲಾಬಿಯೂ ಒಂದೇ, ಗ್ಯಾಸೂ ಒಂದೇ. ಮಗ ನಜೀಬನಿಗೆ ತಿಳಿದರೆ ಮುಗಿಯಿತು, ಒಲೆಯ ಹತ್ತಿರ ಸುಳಿಯಲೂ ಬಿಡುವುದಿಲ್ಲ. ಅಡುಗೆಮನೆಯೂ ಕೈಬಿಟ್ಟು ಹೋದರೆ ಅಮೆರಿಕದ ಈ ನೋವೈ ಊರಲ್ಲಿ ದಿನವಿಡೀ ಗೋಡೆ ನೋಡುತ್ತಾ ಕೂರಬೇಕೇ? ಅದಕ್ಕೇ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಈಗ ನೋಡಿದರೆ ಅವನೇ ಎದುರಿಗೆ ಕ್ಯಾಮ್‌ಕಾರ್ಡರ್ ಹಿಡಿದು ನಿಂತಿದ್ದಾನೆ!

ಮೇಜಿನ ಮೇಲೆ ಹಾಟ್ ಪ್ಲೇಟು, ಅದರ ಮೇಲೆ ಗುಲಾಬಿ ಪಕಳೆ ತುಂಬಿದ ತಾಮ್ರದ ಪಾತ್ರೆ, ಮುಚ್ಚಳದಿಂದ ಕೆಳಗಿಳಿದ ಉದ್ದನೆಯ ಕೊಕ್ಕು. ಅದಕ್ಕೆ 'ಅಂಬೀಕ್' ಎಂದು ಹೆಸರು, ಸಾವಿರ ವರ್ಷದ ಹಿಂದೆಯೇ ಮುಸ್ಲಿಂ ಪಂಡಿತರು ಅದನ್ನು ತಿದ್ದಿ ತೀಡಿದರು ಎಂದೆಲ್ಲ ಇನಾಯಾ ಪೋಸ್ಟರಿನಲ್ಲಿ ಬರೆದಿದ್ದಳು. ಬದ್ರುನ್ನೀಸಾರಿಗೆ ಅದು ಬಿಜಾಪುರದಲ್ಲಿ ತಮ್ಮ ಅಬ್ಬಾ ಗುಲಾಬಿನೀರು ಇಳಿಸುತ್ತಿದ್ದ ಪಾತ್ರೆ, ಅಷ್ಟೇ. ಬೆಂದ ಹೂವಿನ ವಾಸನೆ ಸುಳಿದ ಕೂಡಲೇ ನಿಲ್ಲಿಸಬೇಕು, ತಡವಾದರೆ ಇಳಿದದ್ದೆಲ್ಲ ಕೆಟ್ಟಂತೆ. ಮೊಮ್ಮಗಳಿಗೆ ಇದನ್ನು ಕಲಿಸಿದವರೂ ಅವರೇ.

ಜಡ್ಜ್ ಕೊಕ್ಕಿನ ಕೆಳಗೆ ಪುಟ್ಟ ಕಪ್ ಹಿಡಿದು, ನಾಲ್ಕು ಹನಿ ಬಿದ್ದೊಡನೆ ಅವರ ಮೂಗಿನ ಹತ್ತಿರ ತಂದಳು. ಏನೂ ಇಲ್ಲ. ಬರೀ ಬಿಸಿ. ಅಷ್ಟರಲ್ಲಿ ಮೇಜಿನ ಕೆಳಗೆ ಒಂದು ಪುಟ್ಟ ಕೈ ಅವರ ಕೈ ಹಿಡಿದು, ಈಗಲೇ ಬೇಡ ಎನ್ನುವ ಹಾಗೆ ಅಲ್ಲಾಡಿಸಿತು.

"ಇನ್ನೂ ಬರ್ಲಿ" ಎಂದರು ಬದ್ರುನ್ನೀಸಾ.

ಎರಡನೆಯ ಕಪ್ಪಿಗೂ ಹಾಗೇ. ಮೂರನೆಯದಕ್ಕೆ ಆ ಕೈ ಬಲವಾಗಿ ಹಿಸುಕಿತು.

"ಸಾಕವ್ವ, ಆರಸು!"

ಜಡ್ಜ್ ತಾನೂ ಮೂಸಿ ನೋಡಿ ತಲೆದೂಗಿದಳು. "ನಮ್ಮ ಅಮ್ಮೀ ಮೂಗು ಅಂದ್ರೆ ಸುಮ್ನೇನಾ!" ಎಂದು ನಜೀಬ್ ಬೀಗಿದ.

ಅವನು ಕಾರು ತರಲು ಹೋದ ಮೇಲೆ ಬದ್ರುನ್ನೀಸಾ ಮೆಲ್ಲಗೆ ಕೇಳಿದರು, "ಯಾವಾಗಿಂದ ಗೊತ್ತ ನಿನಗ?"

"ಬೇಳೆ ಸೀದಿತ್ತಲ್ಲ, ಆವತ್ತಿಂದ. ಯು ವರ್ ಸಿಟಿಂಗ್ ರೈಟ್ ದೇರ್." ಇನಾಯಾ ಗುಲಾಬಿನೀರು ತುಂಬಿದ ಶೀಶೆಯ ಮುಚ್ಚಳ ತಿರುಗಿಸುತ್ತಿದ್ದಳು. "ಐ ವೋಂಟ್ ಟೆಲ್ ಅಬ್ಬು. ಬಟ್ ಒಲೆ ಹಚ್ಚೋವಾಗ ನನ್ನ ಕರೀಬೇಕು. ಪ್ರಾಮಿಸ್?"

"ಆತವ್ವ." ಬದ್ರುನ್ನೀಸಾ ಶೀಶೆಯನ್ನೇ ನೋಡುತ್ತಾ ಕೇಳಿದರು, "ಹ್ಯಾಂಗಿತ್ತು, ವಾಸನಿ?"

ಇನಾಯಾ ಯೋಚಿಸಿದಳು. "ಇಂಡಿಯಾದಿಂದ ಬಂದ ದಿನ ನೀವು ಸೂಟ್‌ಕೇಸ್ ಓಪನ್ ಮಾಡಿದ್ರಲ್ಲ... ಲೈಕ್ ದಟ್."

ಬದ್ರುನ್ನೀಸಾ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡರು.