ಬರೆದವರ ಕುರ್ಚಿ

"ಇದನ್ನ ಬರೆದವಳಿಗೆ ಮನೆ ಅಂದ್ರೇನು ಅಂತಾನೇ ಗೊತ್ತಿಲ್ಲ," ಎಂದು ನಿವೃತ್ತ ಹೆಡ್‌ಮಿಸ್ಟ್ರೆಸ್ ಪುಸ್ತಕವನ್ನು ಮೇಜಿನ ಮೇಲೆ ಮಗುಚಿ ಹಾಕಿದರು.

ಕರಡು ತಿದ್ದುವವಳು ಬೆನ್ನು ನೆಟ್ಟಗೆ ಮಾಡಿ ಕೂತಳು. ಅವಳ ಪಕ್ಕದ ಕುರ್ಚಿ ಖಾಲಿಯಿತ್ತು. ಗ್ರಂಥಾಲಯದ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಈ ಓದುಗರ ಬಳಗದಲ್ಲಿ ಅದೊಂದು ಪದ್ಧತಿ: ಒಂದು ಕುರ್ಚಿ ಪುಸ್ತಕ ಬರೆದವರಿಗೆ ಮೀಸಲು. ಅವರು ಸತ್ತಿರಲಿ, ಬದುಕಿರಲಿ, ಅಲ್ಲಿ ಕೂತಿದ್ದಾರೆ ಎಂದೇ ಭಾವಿಸುವುದು. ಮಾತುಕತೆ ಮುಗಿದ ಮೇಲೆ ಒಬ್ಬೊಬ್ಬರೂ ಅತ್ತ ತಿರುಗಿ ಒಂದು ಪ್ರಶ್ನೆ ಕೇಳಬೇಕು.

ಇಂದು ಅದು ಖಾಲಿಯಿರಬೇಕಾಗಿರಲಿಲ್ಲ. ಪುಸ್ತಕ ಬರೆದವಳು ಅವಳೇ. ಅಚ್ಚುಕೂಟದಲ್ಲಿ ಊರವರ ತಪ್ಪನ್ನೆಲ್ಲ ತಿದ್ದಿ, ಉಳಿದ ಹೊತ್ತಿನಲ್ಲಿ ಕದ್ದುಮುಚ್ಚಿ ಬರೆದದ್ದು ಬೇರೆ ಹೆಸರಿನಲ್ಲಿ ಹೊರಬಂದಿತ್ತು. ಈ ಸಲ ಇದನ್ನೇ ಓದೋಣ ಎಂದು ಲೈಬ್ರೇರಿಯನ್‌ನ ಕಿವಿಗೆ ಹಾಕಿದವಳೂ ಅವಳೇ.

ಕಾದಂಬರಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ಒಂದು ಮನೆ, ಹಾಸಿಗೆ ಹಿಡಿದ ಅಜ್ಜಿ, ಅಜ್ಜಿಯನ್ನು ನೋಡಿಕೊಳ್ಳುವ ಹುಡುಗಿ. ಕೊನೆಯ ಅಧ್ಯಾಯದಲ್ಲಿ ಹುಡುಗಿ ಮಾತು ನಿಲ್ಲಿಸುತ್ತಾಳೆ. ಅವಳ ಉತ್ತರ ಇರಬೇಕಾದ ಕಡೆಯೆಲ್ಲ ಪುಟದಲ್ಲಿ ಒಂದೊಂದು ಸಾಲು ಬರಿದು. ಮನೆಯವರು ಮಾತಾಡುತ್ತಲೇ ಇರುತ್ತಾರೆ.

ಕರಡು ತಿದ್ದುವವಳು ಚಿಕ್ಕಂದಿನಿಂದ ಪದ್ಯ ಓದುವುದನ್ನು ಕೇಳಿ ಬೆಳೆದವಳು. ಓದುವವರು ಉಸಿರೆಳೆದುಕೊಳ್ಳುವ ಜಾಗದಲ್ಲೇ ಅರ್ಥ ಬಂದು ನಿಲ್ಲುತ್ತದೆ ಎಂದು ನಂಬಿದವಳು. ಯಾರಾದರೂ ಒಬ್ಬರು ಆ ಹುಡುಗಿಯ ಬಗ್ಗೆ ಕೇಳಿದರೆ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂರುವುದು, 'ನಾನೇ' ಎನ್ನುವುದು; ಕೇಳದಿದ್ದರೆ ಇನ್ನು ಪೆನ್ನು ಮುಟ್ಟುವುದಿಲ್ಲ. ಹಾಗೆಂದು ದೇವರ ಮುಂದೆ ಕೈಮುಗಿದು ಬಂದಿದ್ದಳು. ಒಬ್ಬರು ಸಾಕು, ದೇವರೇ.

"ನಂಗೆ ಅರ್ಧಕ್ಕೇ ಆಕಳಿಕೆ ಬಂತು," ಎಂದ ದಂತವೈದ್ಯ. "ಹಲ್ಲು ಕೀಳಿಸ್ಕೊಳ್ಳೋ ಕುರ್ಚಿಲೂ ಇದಕ್ಕಿಂತ ಜಾಸ್ತಿ ಕಥೆ ಇರುತ್ತೆ."

ಲೈಬ್ರೇರಿಯನ್ ನಕ್ಕ. ವಕೀಲೆ ನಗಲಿಲ್ಲ.

"ಕಥೆ ಹಾಳಾಗ್ಲಿ. ಎಂಥ ಕಲ್ಲು ಜನ ಅಂತೀನಿ. ಆ ಹುಡುಗಿ ತಟ್ಟೆ ಹಿಡ್ಕೊಂಡು ನಿಂತೇ ಉಣ್ಣುತ್ತೆ. ಒಬ್ಬರಾದ್ರೂ ಕೂತ್ಕೋ ಅಂತಾರಾ?"

ಕರಡು ತಿದ್ದುವವಳು ಕೂತಲ್ಲೇ ಮುಂದಕ್ಕೆ ಸರಿದಳು.

"ಅಂಥ ಮನೆ ಎಲ್ಲಿರುತ್ತೆ?" ಎಂದರು ಹೆಡ್‌ಮಿಸ್ಟ್ರೆಸ್. "ನಾನೂ ಮೂರು ಮಕ್ಕಳನ್ನ ಸಾಕಿದೀನಿ. ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಮ್ಮಿ ಅಂತ ಯಾವತ್ತೂ ಮಾಡ್ಲಿಲ್ಲ. ಕರುಳು ಅನ್ನೋದೊಂದು ಇರುತ್ತಲ್ಲ."

"ಅಮ್ಮ ಹೇಳಿದ್ಮೇಲೆ ಮುಗೀತು," ಎಂದ ದಂತವೈದ್ಯ. ಆಕೆಯನ್ನು ಲೈಬ್ರೇರಿಯನ್ ಕೂಡ ಅಮ್ಮ ಎಂದೇ ಕರೆಯುತ್ತಿದ್ದ.

"ಇರ್ತಾರಮ್ಮ," ಎಂದಳು ವಕೀಲೆ. "ಬೀದಿ ಕೊನೆ ಮನೆಯೋರು ಹಾಗೇ ಇದ್ರಲ್ಲ. ಓದ್ತಾ ಓದ್ತಾ ಅವರ ಮುಖಗಳೇ ಕಣ್ಮುಂದೆ ಬಂದ್ವು."

ದಂತವೈದ್ಯ ಖಾಲಿ ಲೋಟವನ್ನು ತಿರುಗಿ ನೋಡದೆ ಪಕ್ಕಕ್ಕೆ ಚಾಚಿದ. ಕರಡು ತಿದ್ದುವವಳು ತೆಗೆದುಕೊಂಡಳು. ಹೆಡ್‌ಮಿಸ್ಟ್ರೆಸ್‌ಗೆ ಸಕ್ಕರೆಯಿಲ್ಲದ ಚಹಾ ಬಗ್ಗಿಸಿಕೊಟ್ಟಳು. ಅಷ್ಟರಲ್ಲಿ ಲೈಬ್ರೇರಿಯನ್ ಗಡಿಯಾರ ನೋಡಿ, ಪ್ರಶ್ನೆಗಳ ಹೊತ್ತಾಯಿತೆಂದ.

ವಕೀಲೆ ಮೊದಲು ತಿರುಗಿದಳು. ಹುಡುಗಿಯ ಬಗ್ಗೆ ಕೇಳಿದರೆ ಇವಳೇ ಕೇಳಬೇಕು.

"ಅಜ್ಜಿ ಹೋದ್ಮೇಲೆ ಮನೆ ಯಾರ ಹೆಸರಿಗಾಯ್ತು? ಅದನ್ನೇ ಬರೆದಿಲ್ವಲ್ಲ ನೀವು."

ಅಜ್ಜಿಯ ಕಾಯಿಲೆಯ ಹೆಸರೇನು ಎಂದು ದಂತವೈದ್ಯ ಕೇಳಿದ. ಮುಂದಿನ ಸಲ ನಗುವಂಥದ್ದು ಏನಾದರೂ ಬರೆಯಬಾರದೇನಮ್ಮ ಎಂದು ಹೆಡ್‌ಮಿಸ್ಟ್ರೆಸ್ ಕುರ್ಚಿಗೆ ಬುದ್ಧಿ ಹೇಳಿದರು.

ಉಳಿದವನು ಲೈಬ್ರೇರಿಯನ್. ಅವನು ಪುಸ್ತಕದ ಕೊನೆಯ ಪುಟಗಳನ್ನು ತೆರೆದು ಹಿಡಿದಿದ್ದ.

"ನಂಗೆ ಇಲ್ಲೇ ಕಾಲು ಕಟ್ಟಿದ ಹಾಗಾಯ್ತು," ಎಂದು ಮೆಲ್ಲಗೆ ಶುರುಮಾಡಿದ. "ಈ ಹುಡುಗಿ, ಇಲ್ಲಿ, ಈ ಖಾಲಿ ಸಾಲುಗಳಲ್ಲಿ..."

ಕರಡು ತಿದ್ದುವವಳು ಅರ್ಧ ಎದ್ದಿದ್ದಳು. ಕೈ ಖಾಲಿ ಕುರ್ಚಿಯ ತೋಳಿನ ಮೇಲಿತ್ತು.

"ಅದು ಅಚ್ಚಿನ ತಪ್ಪು ಕಣಪ್ಪ," ಎಂದರು ಹೆಡ್‌ಮಿಸ್ಟ್ರೆಸ್. "ಸಾಲುಸಾಲೇ ಬಿಟ್ಟುಹೋಗಿದೆ. ನಾನು ಪೆನ್ಸಿಲ್ ತಗೊಂಡು ಎಲ್ಲಾ ಕಡೆ ತುಂಬಿಸಿದೀನಿ ನೋಡು. 'ಹೂಂ', 'ಆಗ್ಲಿ', 'ಬಂದೆ'. ಈಗ ಸರಿಯಾಗಿ ಓದಿಸ್ಕೊಂಡು ಹೋಗುತ್ತೆ."

ಲೈಬ್ರೇರಿಯನ್ ಆಕೆಯ ಪ್ರತಿಯನ್ನು ನೋಡಿದ, ತನ್ನದನ್ನು ನೋಡಿದ. "ಹೌದಲ್ವಾ," ಎಂದು ಪೆಚ್ಚಾಗಿ ನಕ್ಕ. "ನಾನು ಏನೇನೋ ಅಂದ್ಕೊಂಡೆ."

"ಕರಡು ನೋಡಿದೋರು ನಿದ್ದೆ ಹೊಡೀತಿದ್ರು," ಎಂದ ದಂತವೈದ್ಯ. ಆಗ ಎಲ್ಲರೂ ಅವಳತ್ತ ತಿರುಗಿ ನಕ್ಕರು. "ನಿಮ್ಮ ಅಚ್ಚುಕೂಟದ್ದೇ ಏನೇ ಇದು?" ಎಂದು ಅವನೇ ಕೇಳಿದ.

"ಅಲ್ಲ," ಎಂದಳು. ಎದ್ದದ್ದಕ್ಕೆ ಕಾರಣವಿರಲೆಂದು ಲೋಟಗಳನ್ನು ಒಟ್ಟು ಮಾಡಿದಳು.

"ನಿಮ್ಮ ಪ್ರಶ್ನೆ ಉಳೀತು," ಎಂದ ಲೈಬ್ರೇರಿಯನ್.

ಕುರ್ಚಿಯನ್ನು ನೋಡಿದಳು.

"ಅವಳದ್ದು ಯಾವತ್ತೂ ಇರಲ್ಲ, ಮುಗಿಸಿ," ಎಂದಳು ವಕೀಲೆ.

ಎಲ್ಲರೂ ಇಳಿದು ಹೋದರು. ಅವಳು ಮೂಲೆಯ ನಲ್ಲಿಯಲ್ಲಿ ಲೋಟ ತೊಳೆದು ಬೋರಲು ಹಾಕಿದಳು. ಕೈಚೀಲದಲ್ಲಿದ್ದ ಪೆನ್ನನ್ನು ಕಸದ ಬುಟ್ಟಿಗೆ ಬಿಟ್ಟಳು. ಮೆಟ್ಟಿಲಿಳಿದು ಬಂದಾಗ ಬಾಗಿಲ ಮುಂದೆ ದಂತವೈದ್ಯನ ಕಾರು ಗುರುಗುಟ್ಟುತ್ತಿತ್ತು. ಹಿಂದಿನ ಸೀಟಿನಲ್ಲಿ ವಕೀಲೆ ಕೂತಿದ್ದಳು. ಮುಂದಿನ ಸೀಟಿನ ಗಾಜು ಇಳಿಯಿತು.

"ಎಷ್ಟು ಹೊತ್ತೇ ನಿಂದು," ಎಂದರು ಹೆಡ್‌ಮಿಸ್ಟ್ರೆಸ್, "ಹಿಂದೆ ನಿಮ್ಮಕ್ಕನ ಪಕ್ಕ ಹತ್ತು ಬೇಗ, ನಿಮ್ಮಪ್ಪನ ಮಗ್ಗುಲು ಬದಲಿಸೋ ಹೊತ್ತು ಮೀರಿತು, ಡಾಕ್ಟ್ರಾದ್ರೂ ನಿಮ್ಮಣ್ಣನ ಕೈಲಿ ಅದೆಲ್ಲ ಆಗಲ್ಲ ಅಂತ ಗೊತ್ತಲ್ಲ."