ಹೆಪ್ಪಿನ ಸಾಲ

ಬಿಳಿಜೋಳದ ರಾಶಿ ಮುಗಿದು, ಉಳಿದ ಒಣದಂಟು, ಅಂದರೆ ಕಣಿಕೆ, ಬೇಯಿಸುವ ದಿನಗಳು ಬಂದಿದ್ದವು. ಅಂಗಳ ಅಂಗಳದಲ್ಲೂ ಬೂದಿನೀರಿನ ಹಂಡೆ ಕುದಿಯುತ್ತಿತ್ತು. ಬೆಂದ ಕಣಿಕೆ ಆರಿದ ಮೇಲೆ ಹೆಪ್ಪು ಹಾಕಿ, ಕಡೆದು, ಮೊಸರಿನಂಥ ನಾರುಗಂಜಿಯನ್ನು ಹರಡಿ ಹಲಗೆ ಒಣಗಿಸುವುದು ಈ ಊರಿಗೆ ಶಾವಿಗೆ ಹೊಸೆದಷ್ಟೇ ಮಾಮೂಲು. ಈ ಸಲದ ಹಲಗೆಗಳೆಲ್ಲ ಹಳ್ಳದ ಸೇತುವೆಗೆ. ಬಾಕಿಯಿದ್ದದ್ದು ಒಂದೇ, ಹೊಸ ಸೊಸೆ ಕಸ್ತೂರಿಯದು.

ಮೊದಲ ಸಲ ಆಕೆ ಕುದಿಯುವ ಹಂಡೆಗೇ ಹೆಪ್ಪು ಸುರಿದು ಅದನ್ನು ಕೊಂದಿದ್ದಳು. ಆಗ ಪಕ್ಕದ ಮನೆಯ ದುಂಡವ್ವ ಬೈಯುತ್ತಲೇ ತನ್ನ ಹೆಪ್ಪು ಕೊಟ್ಟಿದ್ದಳು. ಹೆಪ್ಪಿನ ಸಾಲ ದುಡ್ಡಿಗೆ ತೀರುವುದಿಲ್ಲ. ಕೊಟ್ಟವರು ಆ ಹೆಪ್ಪಿನ ಹಲಗೆಯ ಮೇಲೆ ನಿಲ್ಲಬೇಕು; ಹಲಗೆ ತಾಳಿದರೆ ಸಾಲ ತೀರಿತು. ಮುರಿದರೆ ಸಾಲವೂ ಉಳಿಯಿತು, ಸೇತುವೆಯ ಕೆಲಸವೂ ನಿಂತಿತು.

ಎರಡು ಕಲ್ಲುಗಳ ನಡುವೆ ಹಲಗೆ ಇಟ್ಟರು. ಅದು ದಪ್ಪ ರೊಟ್ಟಿಯಷ್ಟೇ ದಪ್ಪವಿತ್ತು. ಗಾಜಿನಂತೆ ಅದರೊಳಗಿಂದ ಕೆಳಗಿನ ಮಣ್ಣು ಕಾಣುತ್ತಿತ್ತು. ಓಣಿಯೆಲ್ಲ ನೆರೆಯಿತು.

“ದೊಡ್ಡವ್ವಾ, ಸಾವಕಾಶ ಹತ್ರಿ,” ಎಂದಳು ಕಸ್ತೂರಿ.

“ಯಾಕ, ನಿನ್ನ ಹಲಗಿ ಹಪ್ಪಳ ಏನ?” ಎಂದು ದುಂಡವ್ವ ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಹಲಗೆ ಬಿಲ್ಲಿನಂತೆ ಬಾಗಿತು. ಕಸ್ತೂರಿ ಕಣ್ಣು ಮುಚ್ಚಿಕೊಂಡಳು. ಮುರಿದ ಸದ್ದು ಬರಲಿಲ್ಲ.

“ಹಾರು ದುಂಡವ್ವಾ, ಹಾರು!” ಎಂದು ಯಾರೋ ಕೂಗಿದರು. ದುಂಡವ್ವ ಹಾರಿಯೇಬಿಟ್ಟಳು. ಹಲಗೆ ಬಗ್ಗಿ, ಆಕೆಯ ಅಷ್ಟೂ ಭಾರವನ್ನು ಮಗುವಿನಂತೆ ಮೇಲೆತ್ತಿತು.

“ತೀರಿತವ್ವಾ ನಿನ್ನ ಸಾಲ!” ಎಂದಳು ದುಂಡವ್ವ.

ಕಸ್ತೂರಿ ನಗುತ್ತ ಕೈ ಚಾಚಿದಳು. “ಹಂಗಾದ್ರ ಇಳೀರಿ ದೊಡ್ಡವ್ವಾ, ಹಳ್ಳಕ್ಕ ಒಯ್ಯಬೇಕು.”

“ತಡಿ ತಂಗಿ,” ಎಂದಳು ದುಂಡವ್ವ, “ಇನ್ನೊಂದ ಸಲ ಹಾರತೇನಿ.”