ಬಕೆಟ್ಟಿನಲ್ಲಿ ಅತ್ತೆ

ಹುಣಸೆ ಕೊಂಬೆಯ ಎತ್ತರಕ್ಕೆ ಏರಿದ, ಟ್ರ್ಯಾಕ್ಟರಿನ ಮುಂದೆ ಜೋಡಿಸಿದ ಲೋಡರ್ ಬಕೆಟ್ಟಿನಲ್ಲಿ ಸಾವಂತ್ರಮ್ಮ ಹಣ್ಣು ಬಡಿಯಲು ಕೋಲು ಹಿಡಿದು ನಿಂತಿದ್ದಾಗಲೇ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಅಳಿಯ ಓಂಕಾರ್ ಕೀಲಿ ತಿರುಗಿಸಿದ. ‘ಟಿಕ್’ ಎಂದಿತು, ಅಷ್ಟೇ. ಜಗಳೂರು ಸೀಮೆಯ ಮಧ್ಯಾಹ್ನದ ಬಿಸಿಲು. ಹನ್ನೆರಡು ಅಡಿ ಮೇಲೆ ಅರವತ್ತೆಂಟರ ಅತ್ತೆ. ಏಣಿ ಇಟ್ಟರೂ ಆ ಮಂಡಿನೋವಿನಲ್ಲಿ ಅಂಚು ದಾಟಿ ಇಳಿಯುವಂತಿರಲಿಲ್ಲ.

ಹತ್ತಿಸಿದ್ದು ತಾನೇ. ಬೇಡವೆಂದ ಹೆಂಡತಿ ಅರುಣಾಳ ಮಾತನ್ನು ನಕ್ಕು ತಳ್ಳಿಹಾಕಿದ್ದೂ ತಾನೇ.

“ತಲೆ ತಿರುಗ್ತೈತೆ ಕಣೇ ಅರುಣಾ,” ಮೇಲಿನಿಂದ ದನಿ ಬಂತು.

“ಕುಂತ್ಕೊಳ್ಳವ್ವ, ಅಂಚು ಬಿಡಬ್ಯಾಡ!”

ಎಂಜಿನ್ ಸತ್ತ ಮೇಲೆ ಲಿವರ್ ಎಳೆದು ಏನು ಪ್ರಯೋಜನ ಎಂದುಕೊಂಡ ಓಂಕಾರ್ ಸ್ಪ್ಯಾನರ್ ತಂದ. ಬಕೆಟ್ಟನ್ನು ಒತ್ತಡದಿಂದ ಎತ್ತಿ ಹಿಡಿದಿರುವ ಎಣ್ಣೆಯನ್ನು ಹೊರಗೆ ಬಿಟ್ಟರೆ ಅದು ತಾನಾಗಿ ಇಳಿದೀತು. ಆದರೆ ಇದ್ದದ್ದು ನಾಲ್ಕು ಪೈಪು. ಎರಡು ಲೋಡರಿನ ತೋಳು ಎತ್ತಿ ಇಳಿಸುವುದಕ್ಕೆ, ಇನ್ನೆರಡು ಬಕೆಟ್ಟನ್ನು ಮಗುಚುವುದಕ್ಕೆ. ಯಾವುದು ಯಾವುದಕ್ಕೆಂದು ಲೋಡರ್ ಕೊಂಡು ವರ್ಷವಾದರೂ ಅವನು ಬಗ್ಗಿ ನೋಡಿರಲಿಲ್ಲ. ಕೈಗೆ ಸಿಕ್ಕ ನಟ್ಟಿಗೆ ಸ್ಪ್ಯಾನರ್ ಹಾಕಿದ.

ಅರುಣಾ ಅವನ ಮಣಿಕಟ್ಟು ಹಿಡಿದಳು. “ಗೊತ್ತಿಲ್ಲದ್ದು ಬಿಚ್ಚಬ್ಯಾಡ್ರಿ. ಮೊದ್ಲು ರೇಣುಕಣ್ಣಂಗೆ ಫೋನ್ ಮಾಡ್ರಿ.”

ಲೋಡರ್ ರಿಪೇರಿ ಮಾಡುವ ರೇಣುಕಪ್ರಸಾದ್ ಫೋನಿನಲ್ಲೇ ಗದರಿದ. “ನಟ್ ಮುಟ್ಟೀಯ ಮತ್ತೆ! ಆ ಎಣ್ಣೆ ಸೂಜಿಯಂಗೆ ಚಿಮ್ಮಿ ಕೈಯೊಳಗೆ ತೂರ್ತೈತೆ. ಬಕೆಟ್ಟೂ ದೊಪ್ಪಂತ ಬೀಳ್ತೈತೆ. ತೋಳು ಎತ್ತೋ ಸಿಲಿಂಡರ್ ಐತಲ್ಲ, ಅದರ ತಳದ ಪೈಪನ್ನ ಕಣ್ಣಾಗೇ ಹಿಡ್ಕೊಂಡು ಬಾ. ಎಲ್ಲಿಗೆ ಬಂತು?”

“ಎಡಗಡೆ ಲಿವರಿನ ವಾಲ್ವಿಗೆ.”

“ಅಲ್ಲಿಂದ?”

“ದಪ್ಪ ಪೈಪು... ಎಣ್ಣೆ ಟ್ಯಾಂಕಿಗೆ ಹೋಗೈತೆ.”

“ಅದೇ ಇಳಿಯೋ ದಾರಿ. ವಾಲ್ವ್ ಮುಚ್ಚೈತೆ, ಅದಕ್ಕೇ ನಿಮ್ಮತ್ತೆ ಮೇಲವ್ರೆ. ಎಂಜಿನ್ ಎತ್ತಾಕೆ ಬೇಕು ಕಣಪ್ಪ, ಇಳಿಸಾಕೆ ಬಕೆಟ್ಟಿನ ಭಾರವೇ ಸಾಕು. ಎಲ್ರನ್ನೂ ದೂರ ನಿಲ್ಸು. ಆ ಲಿವರ್‌ನ ಇಳಿಸೋ ಕಡೆಗೆ ಕೂದಲೆಳೆಯಷ್ಟು ಸರಿಸು.”

ಓಂಕಾರ್ ಸೀಟು ಹತ್ತಿ ಕೂತ. ಸರಿಸಿದ. ಏನೂ ಆಗಲಿಲ್ಲ. ಇನ್ನಷ್ಟು ಸರಿಸಿದ. ಸುಂಯ್ ಎಂದು ಸದ್ದಾಗಿ ಬಕೆಟ್ಟು ಗೇಣುದ್ದ ಜಾರಿತು. “ಶಿವನೇ!” ಎಂದು ಸಾವಂತ್ರಮ್ಮ ಚೀರಿದರು. ಬೆಚ್ಚಿ ಲಿವರನ್ನು ಹಿಂದಕ್ಕೆ ತಂದ. ಬಕೆಟ್ಟು ಅಲ್ಲೇ ನಿಂತಿತು.

ನಿಂತಿತು! ಮತ್ತೆ ಸರಿಸಿದ, ನಿಲ್ಲಿಸಿದ. ಗೇಣು ಗೇಣಾಗಿ, ಆಮೇಲೆ ಒಂದೇ ಹದದಲ್ಲಿ, ಬಕೆಟ್ಟು ಬಂದು ಮೆತ್ತಗೆ ನೆಲ ಮುಟ್ಟಿತು. ಅರುಣಾ ಓಡಿಹೋಗಿ ಅವ್ವನನ್ನು ತಬ್ಬಿಕೊಂಡಳು. ಇಬ್ಬರೂ ಅಳುತ್ತಲೇ ನಕ್ಕರು. ನೀರು ಕುಡಿದು, ಸೆರಗಿನಲ್ಲಿ ಮುಖ ಒರೆಸಿಕೊಂಡ ಮೇಲಷ್ಟೇ ಸಾವಂತ್ರಮ್ಮ ಟ್ರ್ಯಾಕ್ಟರಿನ ಕಡೆ ನೋಡಿದ್ದು.

ಓಂಕಾರ್ ಇನ್ನೂ ಸೀಟಿನಲ್ಲೇ ಕೂತಿದ್ದ. ಅವರು ಕುಂಟುತ್ತ ಹತ್ತಿರ ಬಂದು, ಲಿವರಿಗೆ ಬಿಗಿದುಕೊಂಡಿದ್ದ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

“ಬಿಡ್ರಿ ಅಳಿಯಂದ್ರೇ, ನಾ ಇಳಿದು ಆಗ್ಲೇ ಎಷ್ಟೊತ್ತಾತು.”